ಜರ್ಮನ್ ಬೋಗುಣಿ, ಗಂಡಭೇರುಂಡದ ವಿಮಾನ

ಪಂಚಮಿ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಭಾಂಡೆಗಳನ್ನೆಲ್ಲ ಇಳಿಸಿ, ತಿಕ್ಕಿ, ಬಿಸಿಲಿಗೆ ಬೋರಲು ಹಾಕುವುದು ನಮ್ಮ ಮನೆಯ ಪದ್ಧತಿ. ಈ ಸಲ ಕೈಗೂಡಿಸಲು ಮೂಡಲಗಿಯಿಂದ ನನ್ನ ತಂಗಿ ಮಗಳನ್ನು ಕರೆದುಕೊಂಡು ಗೋಕಾಕಕ್ಕೆ ಬಂದಿದ್ದಳು. ಭಾಂಡೆ ತಿಕ್ಕುವುದು ಬರೀ ನೆಪ. ಅವಳ ಹೊಟ್ಟೆಯೊಳಗೆ ಬೇರೆ ಮಾತಿತ್ತು.

“ಅಕ್ಕಾ, ನೀನರ ತಿಳಿಸಿ ಹೇಳ ಆಕಿಗೆ. ಇಂಜಿನಿಯರಿಂಗ್ ಮುಗಿಸ್ಯಾಳ, ವರ ನೋಡೂಣು ಅಂದ್ರ ಏರ್‌ಫೋರ್ಸ್ ಪರೀಕ್ಷಾ ಕಟ್ಟತೀನಿ, ವಿಮಾನ ಹಾರಸ್ತೀನಿ ಅಂತ ಕುಂತಾಳ. ನಾಳೆ ಬಿದ್ರ ಏನ್ ಗತಿ?”

ಮಗಳು ಕೇಳಿಸದವಳಂತೆ ಬೂದಿ ಹಚ್ಚಿ ಒಂದು ಹಳೆಯ ಬೋಗುಣಿಯನ್ನು ತಿಕ್ಕುತ್ತಿದ್ದಳು. ನಮ್ಮ ಅತ್ತೆಯವರು ಲಗ್ನವಾಗಿ ಬರುವಾಗ ಹುಕ್ಕೇರಿಯ ತವರಿನಿಂದ ತಂದ ಬೋಗುಣಿ ಅದು. ಅಲ್ಯೂಮಿನಿಯಂನದು, ಮೂರು ಕಡೆ ನೆಗ್ಗಿದೆ. “ಆಯೀ, ಇದಕ್ಕ ಜರ್ಮನ್ ಬೋಗುಣಿ ಅಂತ ಯಾಕ ಅಂತೀರಿ?” ಎಂದು ಕೇಳಿದಳು. “ನಮ್ಮವ್ವ ಅಂತಿದ್ದಳು, ನಾವೂ ಅಂತೀವಿ” ಎಂದರು ಅತ್ತೆ. ಅಷ್ಟಕ್ಕೇ ಆ ವಿಚಾರ ಮುಗಿಯಿತು.

ನನಗೆ ಮಾತ್ರ ಎಂದೋ ಓದಿದ್ದೊಂದು ನೆನಪಾಯಿತು. 1940ರ ಜುಲೈ. ಹಿಟ್ಲರನ ಸೈನ್ಯ ಫ್ರಾನ್ಸನ್ನು ನುಂಗಿ ಇಂಗ್ಲೆಂಡಿನ ಬಾಗಿಲಿಗೆ ಬಂದಿತ್ತು. ವಿಮಾನ ಕಟ್ಟಲು ಅಲ್ಯೂಮಿನಿಯಂ ಬೇಕು, ನಿಮ್ಮ ಅಡಿಗೆಮನೆಯ ಪಾತ್ರೆ ಕೊಡಿ ಎಂದು ಅಲ್ಲಿಯ ಗೃಹಿಣಿಯರಿಗೆ ಸರಕಾರ ಕರೆ ಕೊಟ್ಟಿತು. ಹೆಂಗಸರು ಬಾಣಲೆ, ಕೆಟಲು, ಬೋಗುಣಿ ಹೊತ್ತು ತಂದು ಬೀದಿಯಲ್ಲಿ ರಾಶಿ ಹಾಕಿದರು. ಅಂಗಡಿಯಲ್ಲಿ ಹೊಸ ಪಾತ್ರೆ ಮಾರಾಟಕ್ಕೆ ಇರುವಾಗ ನಮ್ಮ ಹಳೆಯದೇ ಯಾಕೆ ಬೇಕು ಎಂದು ಗೊಣಗಿದವರೂ ಇದ್ದರು. ನಾನಾಗಿದ್ದರೆ ನಾನೂ ಗೊಣಗುತ್ತಿದ್ದೆ. ಜರ್ಮನಿಯ ವಿರುದ್ಧ ಹೋರಾಡಲು ‘ಜರ್ಮನ್’ ಪಾತ್ರೆ ದಾನ ಕೊಟ್ಟರಲ್ಲ ಎಂದು ಹೇಳಿದಾಗ ತಂಗಿಗೂ ನಗು ಬಂತು.

ಪಾತ್ರೆ ಸಾಲದೆ ಹಣವನ್ನೂ ಕೂಡಿಸಿದರು. ಒಂದು ‘ಸ್ಪಿಟ್‌ಫೈರ್’ ಯುದ್ಧವಿಮಾನಕ್ಕೆ 5 ಸಾವಿರ ಪೌಂಡ್ ಎಂದು ಬೆಲೆ ಕಟ್ಟಿದ್ದರು. ಆಗಿನ ನಮ್ಮ ಲೆಕ್ಕದಲ್ಲಿ 66 ಸಾವಿರ ರೂಪಾಯಿಯ ಮೇಲೆ. ಅಷ್ಟು ಕೊಟ್ಟ ಊರಿನ ಹೆಸರನ್ನು ವಿಮಾನದ ಮೇಲೆ ಬರೆಯುತ್ತಿದ್ದರು. ಬಹಳ ಕೊಟ್ಟರೆ ಒಂದು ಇಡೀ ಪಡೆಗೇ ಹೆಸರು. ನಮ್ಮ ಮೈಸೂರು ಸಂಸ್ಥಾನ ಹಾಗೆ ಕೊಟ್ಟಿತು. 1941ರ ಜೂನಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ‘129ನೆಯ ಮೈಸೂರು ಸ್ಕ್ವಾಡ್ರನ್’ ಎಂಬ ಪಡೆ ಹುಟ್ಟಿತು. ಅದರ ಲಾಂಛನ ಯಾವುದು ಗೊತ್ತೇ? ಮೈಸೂರಿನ ಗಂಡಭೇರುಂಡ! ನಮ್ಮ ಸರಕಾರಿ ಕಾಗದಗಳ ಮೇಲಿರುವ ಎರಡು ತಲೆಯ ಅದೇ ಹಕ್ಕಿ.

ಆ ಪಡೆಯ ಹುಡುಗರಿಗೆ ಮೈಸೂರು ಎಲ್ಲಿದೆಯೆಂದು ತಿಳಿದಿತ್ತೋ ಇಲ್ಲವೋ. ಇಪ್ಪತ್ತು, ಇಪ್ಪತ್ತೆರಡರ ವಯಸ್ಸು. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಅವರಿದ್ದರು. 1944ರ ಬೇಸಿಗೆಯಲ್ಲಿ ಕೆಂಟ್ ಪ್ರಾಂತದ ಹೊಲಗಳ ಮೇಲೆ ಹಾರುತ್ತ, ಪೈಲಟ್ ಇಲ್ಲದೆ ಲಂಡನ್ನಿನ ಕಡೆಗೆ ಬರುತ್ತಿದ್ದ ಹಿಟ್ಲರನ ಹಾರುಬಾಂಬುಗಳನ್ನು ಹೊಡೆದುರುಳಿಸಿದರು.

ಗೋಕಾಕ, ಹುಕ್ಕೇರಿಯವರಾದ ನಾವು ಆಗ ಮೈಸೂರಿನವರಲ್ಲ, ಮುಂಬೈ ಇಲಾಖೆಯವರು. ಮುಂಬೈ ಹೆಸರಿನದೂ ಒಂದು ಪಡೆ ಇತ್ತು, 132ನೆಯದು. ಆದರೆ ಇದನ್ನೆಲ್ಲ ಬರೀ ಹೆಮ್ಮೆಯಿಂದ ಹೇಳಲು ನನಗಂತೂ ನಾಲಿಗೆ ಹೊರಳುವುದಿಲ್ಲ. ಗಂಡಭೇರುಂಡದ ವಿಮಾನಗಳು ದಿಯೆಪ್‌ನ ಮೇಲೆ ಹಾರಿದ ಅದೇ ಆಗಸ್ಟ್ ತಿಂಗಳಲ್ಲಿ ‘ಚಲೇಜಾವ್’ ಎಂದು ನಮ್ಮ ಬೆಳಗಾವಿ ಜಿಲ್ಲೆಯ ಹುಡುಗರು ಜೈಲು ತುಂಬುತ್ತಿದ್ದರು. ವಿಮಾನಕ್ಕೆ ಹಣ ಕೊಟ್ಟ ಮೈಸೂರು ಸಂಸ್ಥಾನವೇ 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿತು. ಆ ಐದು ಮನೆಯ ಹೆಂಗಸರಿಗೆ ಹೇಗಾಗಿರಬೇಕು?

“ಹಂಗಾರ ಆ ವಿಮಾನ ಎಲ್ಲಾ ಹೊಡದಾಡೂಮುಂದನ ಬಿದ್ವೇನ ಮಾವಶಿ?” ತಂಗಿಯ ಮಗಳ ಪ್ರಶ್ನೆ.

ಇಲ್ಲ. ಅದೇ ವಿಚಿತ್ರ. ಇಂಗ್ಲೆಂಡಿನ ಹೊಲ, ಗುಡ್ಡ, ತೋಪುಗಳಲ್ಲಿ ಬಿದ್ದ ವಿಮಾನಗಳಲ್ಲಿ ಎಷ್ಟೋ ಶತ್ರುವಿನ ಗುಂಡು ತಾಗದೆಯೇ ಬಿದ್ದಂಥವು. ಮಂಜು ಕವಿದು ಗುಡ್ಡ ಕಾಣಲಿಲ್ಲ, ಎಂಜಿನ್ ಕೆಟ್ಟಿತು, ಕಲಿಯುವ ಹುಡುಗನ ಕೈ ತಪ್ಪಿತು. ಅಲ್ಲಿಯ ಬಾಂಬರ್ ಪಡೆಯಲ್ಲಿ ಸತ್ತ 55,573 ಮಂದಿಯಲ್ಲಿ 8 ಸಾವಿರಕ್ಕೂ ಹೆಚ್ಚು ಜನ ತರಬೇತಿಯಲ್ಲಿ, ಅಪಘಾತಗಳಲ್ಲಿ ಹೋದವರು. ಕೆಲವು ವಿಮಾನಗಳ ಮುರುಕುಗಳು ಇಂದಿಗೂ ಗುಡ್ಡಗಳ ಹುಲ್ಲಿನಲ್ಲಿ ಬಿದ್ದಿವೆ. ಪರವಾನಗಿ ಇಲ್ಲದೆ ಅವನ್ನು ಅಗೆದು ಒಯ್ಯಬಾರದೆಂದು 1986ರಲ್ಲಿ ಕಾಯಿದೆಯೇ ಆಯಿತು. ಒಳಗೆ ಯಾರದೋ ಮಗನ ಎಲುಬು ಇರಬಹುದಲ್ಲ.

ಹೆಣ್ಣುಮಕ್ಕಳೂ ಹಾರಿಸಿದರು. ಕಾರಖಾನೆಯಿಂದ ಹೊಸ ವಿಮಾನಗಳನ್ನು ಪಡೆಗಳಿಗೆ ಮುಟ್ಟಿಸುವ ಕೆಲಸಕ್ಕೆ ನೂರರವತ್ತಕ್ಕೂ ಹೆಚ್ಚು ಮಹಿಳಾ ಪೈಲಟ್‌ಗಳಿದ್ದರು. ರೇಡಿಯೋ ಇಲ್ಲ, ಬಂದೂಕು ಇಲ್ಲ, ಕೆಳಗಿನ ರೈಲುಹಳಿ, ನದಿ ನೋಡಿಕೊಂಡು ದಾರಿ ಹಿಡಿಯಬೇಕು. 1943ರಲ್ಲಿ ಅವರಿಗೆ ಗಂಡಸರ ಸಮಾನ ಸಂಬಳ ಸಿಕ್ಕಿತು. (ನಮ್ಮ ಕಡೆ ಹೊಲದ ಕೂಲಿಯಲ್ಲಿ ಇಂದಿಗೂ ಆ ಲೆಕ್ಕ ಸರಿಹೋಗಿಲ್ಲ, ಇರಲಿ.) ಅವರಲ್ಲಿ ಒಬ್ಬಾಕೆ ಎಮಿ ಜಾನ್ಸನ್. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದ ಮೊದಲ ಹೆಣ್ಣುಮಗಳು. 1941ರ ಜನವರಿ 5ರಂದು ಕೆಟ್ಟ ಹವೆಯಲ್ಲಿ ದಾರಿ ತಪ್ಪಿ ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ನೀರಿಗೆ ಬಿದ್ದಳು. ಶವವೂ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಅನುಮಾನಿಸಿದೆ. ಹೇಳಿದೆ. ಲ್ಯಾಂಕಶೈರಿನ ಫ್ರೆಕಲ್‌ಟನ್ ಎಂಬ ಹಳ್ಳಿ. 1944ರ ಆಗಸ್ಟ್ 23, ಬುಧವಾರ. ಹತ್ತಿರದ ಅಮೆರಿಕದ ವಾಯುನೆಲೆಯಿಂದ ರಿಪೇರಿಯಾದ ಬಾಂಬರನ್ನು ಪರೀಕ್ಷೆಗೆಂದು ಹಾರಿಸಿದ್ದರು. ಒಮ್ಮೆಲೇ ಕಪ್ಪುಗಟ್ಟಿ ಬಿರುಗಾಳಿ, ಮಳೆ, ಸಿಡಿಲು. ಹಿಂದಿರುಗಿ ಎಂದು ಆಜ್ಞೆ ಬಂತು. ತಿರುಗುವಷ್ಟರಲ್ಲಿ ವಿಮಾನ ಹಳ್ಳಿಯ ಮೇಲೆ ಬಿದ್ದು, ಉರಿಯುವ ಪೆಟ್ರೋಲು ಸಣ್ಣ ಮಕ್ಕಳ ಶಾಲೆಗೆ ನುಗ್ಗಿತು. ಸತ್ತವರು 61 ಜನ. ಅವರಲ್ಲಿ 38 ಶಾಲೆಯ ಮಕ್ಕಳು, ನಾಲ್ಕರಿಂದ ಆರು ವರ್ಷದವು. ಕೆಲವು ಮಕ್ಕಳು ಆಗಷ್ಟೇ ಶಾಲೆಗೆ ಸೇರಿದ್ದವು. ಸುಟ್ಟ ಮಕ್ಕಳನ್ನು ನೋಡಲು ಬಿಂಗ್ ಕ್ರಾಸ್ಬಿ ಎಂಬ ಅಮೆರಿಕದ ದೊಡ್ಡ ಗಾಯಕ ಆಸ್ಪತ್ರೆಗೆ ಬಂದರಂತೆ. ಮಕ್ಕಳ ಮುಖ ನೋಡುತ್ತ ಹಾಡಲಾಗದೆ ಹೊರಗೆ ಓಣಿಯಲ್ಲಿ ನಿಂತು ಹಾಡಿದರಂತೆ. ಅಮೆರಿಕದ ಸೈನಿಕರೇ ಮರುವರ್ಷ ಆ ಹಳ್ಳಿಯಲ್ಲಿ ಮಕ್ಕಳಿಗೊಂದು ಆಟದ ಬಯಲು ಕಟ್ಟಿಕೊಟ್ಟರು.

ಅತ್ತೆಯವರು ಅಲ್ಲಿಯವರೆಗೆ ಸುಮ್ಮನಿದ್ದರು. “ಯಾವ ಇಸ್ವಿ ಅಂದಿ?” ಎಂದರು. 1944 ಎಂದೆ. “ನಾನೂ ಆವಾಗ ಪಾಟಿ ಹಿಡದು ಸಾಲಿಗೆ ಹೋಗಾಕ ಹತ್ತಿದ್ದೆ. ಚಿಮಣಿಗೆ ಎಣ್ಣಿ ಸಿಗತಿರಲಿಲ್ಲ. ಯುದ್ಧ ಅಂದ್ರ ನಮಗ ಅಷ್ಟ” ಎಂದು ಹೇಳಿ ಬೋಗುಣಿಯನ್ನು ತಾವೇ ತೆಗೆದುಕೊಂಡು ಒರೆಸಿದರು.

ಯುದ್ಧ ನಮ್ಮ ಕಡೆಗೂ ಅಷ್ಟೇ ಆಗಿರಲಿಲ್ಲ. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರ ಮತ್ತು ವಾಲಚಂದ ಹೀರಾಚಂದರು ಕೂಡಿ ಹಿಂದೂಸ್ತಾನ್ ವಿಮಾನ ಕಾರಖಾನೆ ತೆಗೆದರು. ಮುಂದೆ ಅಮೆರಿಕದವರು ತಮ್ಮ ಜಖಂಗೊಂಡ ವಿಮಾನಗಳನ್ನು ಅಲ್ಲಿಯೇ ರಿಪೇರಿ ಮಾಡಿಸಿದರು. 1942ರಲ್ಲಿ ಬ್ರಿಟಿಷರು ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ನಿಲ್ದಾಣ ಕಟ್ಟಿದರು.

ಆ ಸಾಂಬ್ರಾದ ಹೆಸರು ಬಂದ ಕೂಡಲೆ ತಂಗಿ ತಲೆ ಎತ್ತಿದಳು. ಅವಳ ಭಯದ ಬೇರು ಎಲ್ಲಿದೆಯೆಂದು ನನಗೆ ಗೊತ್ತಿತ್ತು. 2023ರ ಜನವರಿ 28. ಮಧ್ಯಪ್ರದೇಶದ ಮೊರೆನಾದ ಹತ್ತಿರ ತಾಲೀಮಿನ ಹೊತ್ತಿನಲ್ಲಿ ಸುಖೋಯ್ ಮತ್ತು ಮಿರಾಜ್ ವಿಮಾನಗಳು ಒಂದಕ್ಕೊಂದು ಬಡಿದವು. ಸುಖೋಯ್‌ನ ಇಬ್ಬರು ಪ್ಯಾರಾಶೂಟಿನಲ್ಲಿ ಇಳಿದು ಉಳಿದರು. ಮಿರಾಜ್‌ನಲ್ಲಿದ್ದವರು ಬೆಳಗಾವಿ ಗಣೇಶಪುರದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ. ಅವರು ಉಳಿಯಲಿಲ್ಲ. ಅವರ ಪಾರ್ಥಿವ ಶರೀರ ವಾಯುಪಡೆಯ ವಿಮಾನದಲ್ಲಿ ಸಾಂಬ್ರಾಕ್ಕೇ ಬಂತು. ವಿಮಾನ ಬಿದ್ದದ್ದು ಎಲ್ಲಿಯೋ, ಅದರ ಪೆಟ್ಟು ಬಿದ್ದದ್ದು ಗಣೇಶಪುರದ ಮನೆಯ ಹೊಸ್ತಿಲಿಗೆ. ಅಂದು ಟಿ.ವಿ. ಮುಂದೆ ಕುಳಿತು ತಂಗಿ ಅತ್ತಿದ್ದಳು. ಅದೇ ಟಿ.ವಿ.ಯನ್ನು ಮಗಳೂ ನೋಡಿದ್ದಳು. ಅವಳಿಗೆ ಕಂಡದ್ದೇ ಬೇರೆ.

“ಅವ್ವಾ, ಅದ ವರ್ಷ ಜೂನ್ ಒಂದಕ್ಕ ಚಾಮರಾಜನಗರದ ಕಡೆ ಕಿರಣ್ ವಿಮಾನ ಬಿತ್ತಲ್ಲ, ಅದರಾಗ ಒಬ್ಬಾಕಿ ಹೆಣ್ಣಮಗಳು ಪೈಲಟ್ ಇದ್ದಳು. ಇಬ್ಬರೂ ಹಾರಿಕೊಂಡು ಉಳದ್ರು. ಅದನ್ಯಾಕ ನೆನಸೂದಿಲ್ಲ ನೀ?”

ಹುಡುಗಿ ಹೇಳಿದ್ದು ಸುಳ್ಳಲ್ಲ. ಇಂಗ್ಲೆಂಡಿನ ಆ ಹುಡುಗರು ಬೆಂಕಿ ಹತ್ತಿದ ವಿಮಾನದ ಬಾಗಿಲು ತೆರೆದು, ಹೊರಗೆ ದಾಟಿ, ಪ್ಯಾರಾಶೂಟು ಬಿಚ್ಚಬೇಕಿತ್ತು. ತಗ್ಗಿನಲ್ಲಿದ್ದರೆ ಅದಕ್ಕೆ ವೇಳೆಯೇ ಇಲ್ಲ. ಈಗಿನ ಯುದ್ಧವಿಮಾನದಲ್ಲಿ ಹಿಡಿಕೆ ಎಳೆದರೆ ಕುರ್ಚಿಯೇ ರಾಕೆಟ್ಟಿನಂತೆ ಪೈಲಟ್‌ನನ್ನು ಹೊರಗೆ ಒಗೆಯುತ್ತದೆ, ಪ್ಯಾರಾಶೂಟು ತಾನೇ ಬಿಚ್ಚಿಕೊಳ್ಳುತ್ತದೆ. ಆದರೂ ಸಾರಥಿಯವರು ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ತಂಗಿಗೆ ಎರಡನ್ನೂ ಹೇಳಿದೆ. ಬೀಳುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ. 2016ರಲ್ಲಿ ನಮ್ಮ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಹೊರಬಂದಾಗ ಅವರ ಮನೆಯಲ್ಲಿಯೂ ತಾಯಂದಿರು ಇದ್ದರು, ಅವರೂ ಇದೇ ಪ್ರಶ್ನೆ ಕೇಳಿಕೊಂಡಿರಬೇಕು ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಮಾತ್ರ ಹುಡುಗಿಯ ತಾಟಿಗೆ ಇನ್ನೊಂದು ಉಂಡಿ ಇಡುತ್ತ, “ಹಾರೂಮುಂದ ಫೋನ್ ಮಾಡಬ್ಯಾಡ ಕೂಸ. ಇಳಿದ ಮ್ಯಾಲ ಮಾಡು” ಎಂದರು.

ಸಂಜೆ ಮೂಡಲಗಿ ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಹೋಗಿದ್ದೆ. ತಂಗಿ ಕಿಟಕಿಯ ಹತ್ತಿರ ಕುಳಿತು ಚೀಲ ಸರಿಮಾಡಿಕೊಂಡಳು. ಬಸ್ಸು ಹೊರಡುವ ಹೊತ್ತಿಗೆ ಕೇಳಿದಳು: “ಅಕ್ಕಾ, ಆ ಪರೀಕ್ಷಾ ಬೆಳಗಾವ್ಯಾಗ ಇರತೈತೇನ, ಹುಬ್ಬಳ್ಳಿಗೇ ಹೋಗಬೇಕೇನ?”