ಗಾಲಿ ಅಂದ್ರೆ ಚಕ್ರ ಅಲ್ಲಪ್ಪಾ!

ಟೊಮ್ಯಾಟೊ ಯಾರಿಗೂ ಕಾಯುವುದಿಲ್ಲ. ಹೋದ ಮಳೆಗಾಲದಲ್ಲಿ ನನ್ನ ತೋಟದ್ದೂ ಅಕ್ಕಪಕ್ಕದವರದ್ದೂ ಸೇರಿಸಿ, ನಮ್ಮ ಅಕ್ಕನ ಮಗನ ಲಾರಿಗೆ ಕ್ರೇಟು ತುಂಬಿ ಮಡಕಶಿರಾದಿಂದ ಕೋಲಾರದ ಮಾರುಕಟ್ಟೆಗೆ ಹೊರಟೆವು. ಹಿಂದೂಪುರ, ಗೌರಿಬಿದನೂರು ದಾಟುವವರೆಗೆ ಎಲ್ಲಾ ಸರಿ. ಚಿಕ್ಕಬಳ್ಳಾಪುರದ ಕಡೆಗೆ ಏರು ಸಿಕ್ಕಿದ್ದೇ ತಡ, ಗಾಡಿ ಮುಕ್ಕರಿಯತೊಡಗಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಎರಡಕ್ಕೂ ಒಲ್ಲೆ ಅಂತು. ಹಿಂದೆ ನೋಡಿದರೆ ಕಾಡಿಗೆಯಂಥ ಹೊಗೆ. ಕ್ಯಾಬಿನ್ನಿನ ಕೆಳಗಿಂದ ಹಾವು ಬುಸುಗುಟ್ಟಿದ ಹಾಗೆ ಸದ್ದು. ಕೋಲಾರ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು. ಮಾರನೇ ದಿನ ಮೆತ್ತಗಾದ ಹಣ್ಣಿಗೆ ಅವರು ಕೇಳಿದ್ದೇ ರೇಟು. ಡೀಸೆಲ್ ಬೇರೆ ದಂಡಿಯಾಗಿ ಕುಡಿದಿತ್ತು.

ವಾಪಸು ಬರುವಾಗ ಒಂದು ಗ್ಯಾರೇಜಿನವರು ನೋಡಿ, ‘ಟರ್ಬೋ ಹೋಗಿದೆ, ಹೊಸದು ಹಾಕಿಸಿ’ ಅಂದರು. ಅವರು ಹೇಳಿದ ದುಡ್ಡು ಹುಡುಗನ ಎರಡು ತಿಂಗಳ ಕಂತಿನಷ್ಟು. ‘ಮಾವಾ, ಗಾಡೀನ ಫೈನಾನ್ಸಿನೋರಿಗೇ ಬಿಟ್ಟುಬಿಡ್ತೀನಿ’ ಅಂದ. ಅಕ್ಕನ ಮುಖ ಕಣ್ಣಮುಂದೆ ಬಂದು ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹಿಂದೂಪುರದ ಹುಣಸೆಹಣ್ಣಿನ ಮಂಡಿಗೆ ಹೋಗಿಬರುವಾಗ ಪರಿಚಯವಾದ ಹಳೇ ಮೇಸ್ತ್ರಿಯೊಬ್ಬರಿದ್ದಾರೆ, ತೆಲುಗಿನವರು. ಗಾಡೀನ ಅವರ ಹತ್ತಿರ ಒಯ್ದೆವು. ಅವರು ಕ್ಯಾಬಿನ್ ಎತ್ತಿಸಿ, ಕಿವಿಗೊಟ್ಟು ಕೇಳಿ, ‘ಗಾಲಿ ಪೋತಾಂದಿ ಅನ್ನಾ’ ಅಂದರು. ನಮ್ಮ ಕ್ಲೀನರ್ ಹುಡುಗ ಶಿರಾ ಕಡೆಯವನು. ಈ ಮಾತು ಕಿವಿಗೆ ಬಿದ್ದದ್ದೇ ರಾಡು ಹಿಡಿದು ಹಿಂದಕ್ಕೆ ಓಡಿ ಟೈರುಗಳನ್ನು ಒಂದೊಂದಾಗಿ ಬಡಿದು ನೋಡತೊಡಗಿದ! ನಮಗೆ ಗಾಲಿ ಅಂದರೆ ಚಕ್ರ. ಅವರಿಗೆ ಗಾಲಿ ಅಂದರೆ ಗಾಳಿ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೇ ಈ ‘ಳ’ಕಾರದ ತಮಾಷೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಷ್ಟು ಸಂಕಟದಲ್ಲೂ ನಕ್ಕೆವು.

ಕಮ್ಮಾರನ ತಿದಿ ನೋಡಿದ್ದೀರಲ್ಲ, ಟರ್ಬೋ ಅಂಥದ್ದೇ. ಆದರೆ ಇಲ್ಲಿ ಬೆಂಕಿಯ ಹೊಗೆಯೇ ತಿದಿ ಒತ್ತುತ್ತದೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಒತ್ತಿದ ಗಾಳಿ ಕಾಯುತ್ತದೆ. ಅದಕ್ಕೇ ಇಂಟರ್‌ಕೂಲರಿನಲ್ಲಿ ತಣಿಸಿ ಒಳಗೆ ಕಳಿಸುತ್ತಾರೆ. ನಡುವೆ ರಬ್ಬರ್ ಹೋಸುಗಳು, ಕ್ಲಾಂಪುಗಳು. ಅಲ್ಲೆಲ್ಲೋ ಗಾಳಿ ಸೋರಿದರೆ ಡೀಸೆಲ್ ಪೂರಾ ಉರಿಯುವುದಿಲ್ಲ. ಊದುಗೊಳವೆ ಸೀಳಿದರೆ ಒಲೆ ಹೊಗೆಯಾಡುವುದಿಲ್ಲವೇ?

ಮೇಸ್ತ್ರಿ ಮೊದಲು ಟರ್ಬೋ ಬಾಯಿಯ ಪೈಪು ಬಿಚ್ಚಿ, ಒಳಗಿನ ಅಚ್ಚು ಹಿಡಿದು ಅಲುಗಿಸಿದರು. ಅಕ್ಕಪಕ್ಕಕ್ಕೆ ಒಂದಿಷ್ಟು ಆಟ ಇರುವುದು ಸಹಜವಂತೆ, ಹಿಂದಕ್ಕೂ ಮುಂದಕ್ಕೂ ಕೈಗೆ ಸಿಗುವಷ್ಟು ಇರಬಾರದು. ರೆಕ್ಕೆಗಳು ಎಲ್ಲೂ ಉಜ್ಜಿರಲಿಲ್ಲ. ‘ಟರ್ಬೋ ಬಾಗಾನೇ ಉಂದಿ’ ಅಂದಾಗ ನಮ್ಮ ಹುಡುಗನಿಗೆ ಉಸಿರು ಬಂತು.

ಎಂಜಿನ್ ಸುಮ್ಮನೆ ಓಡುತ್ತಿದ್ದಾಗ ಸೋಪಿನ ನೀರು ಬಳಿದರೆ ಏನೂ ಕಾಣಲಿಲ್ಲ. ಆಗ ಟರ್ಬೋ ಗಾಳಿಯನ್ನು ಒತ್ತುವುದೇ ಕಮ್ಮಿ. ಎಂಜಿನ್ ನಿಲ್ಲಿಸಿ, ಹಳೇ ಟ್ಯೂಬಿನ ವಾಲ್ವು ಕೂರಿಸಿದ ಮುಚ್ಚಳವೊಂದನ್ನು ಟರ್ಬೋ ಬಾಯಿಗೆ ಬಿಗಿದು, ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಟ್ಟರು. ಟೈರಿಗೆ ನೂರು ಪೌಂಡ್ ತುಂಬುವ ಕೈ ಇಲ್ಲಿ ಹದಿನೈದಕ್ಕೇ ನಿಲ್ಲಬೇಕು. ಮುಚ್ಚಳದ ಎದುರಿಗಂತೂ ನಿಲ್ಲಲೇಬಾರದು. ಹಾರಿದರೆ ಹಲ್ಲು ಉಳಿಯುವುದಿಲ್ಲ. ಎಂಜಿನ್ನಿನ ಒಳಗಡೆಯಿಂದ ಸಣ್ಣಗೆ ಗಾಳಿ ಹೋಗುವ ಸದ್ದು ಬಂದರೆ ಅದರ ಬೆನ್ನು ಹತ್ತಬೇಡಿ, ತೆರೆದ ವಾಲ್ವಿನಿಂದ ಅಷ್ಟು ಹೋಗಿಯೇ ಹೋಗುತ್ತದೆ. ಆಮೇಲೆ ಬ್ರಶ್ಶಿನಿಂದ ಸೋಪಿನ ನೀರು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಹೋಸಿನ ಅಡಿಮಗ್ಗುಲಲ್ಲಿ ನೊರೆ ಬುಳುಬುಳು ಎದ್ದಿತು. ಬೆರಳುದ್ದದ ಸೀಳು. ಗಾಳಿ ತುಂಬಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಕ್ಲಾಂಪನ್ನು ಯಾರೋ ಅತಿಯಾಗಿ ಬಿಗಿದು ರಬ್ಬರನ್ನು ಕೊಯ್ದಿದ್ದರು.

ಟೇಪು ಸುತ್ತೋಣವೆಂದು ನಾನು ಬಾಯಿ ಹಾಕಿದೆ. ಮೇಸ್ತ್ರಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹೊಸ ಹೋಸು ತರಿಸಿ, ಪೈಪಿನ ತುದಿಯ ಎಣ್ಣೆ ಜಿಡ್ಡನ್ನು ಬಟ್ಟೆಯಿಂದ ಒರೆಸಿ ಒಣಗಿಸಿದರು. ಜಿಡ್ಡಿದ್ದರೆ ಲೋಡಿನಲ್ಲಿ ಹೋಸು ಜಾರಿ ಕಳಚುತ್ತದೆ. ಹೋಸು ಹಾಕಿದ ಮೇಲೆ ಮತ್ತೆ ಗಾಳಿ ಬಿಟ್ಟು ನೋಡಿಯೇ ಗಾಡಿ ಕೊಟ್ಟರು.

ಅವರು ಇನ್ನೊಂದು ಮಾತು ಹೇಳಿದರು. ಟರ್ಬೋ ದಾಟಿದ ಮೇಲಿನ ಸೋರಿಕೆ ಸದ್ದು ಮಾಡುತ್ತದೆ, ಹೊಗೆ ಕಾರುತ್ತದೆ. ಏರ್ ಫಿಲ್ಟರಿಗೂ ಟರ್ಬೋಗೂ ನಡುವೆ ಇರುವ ತೂತು ಕಳ್ಳನ ಹಾಗೆ. ಅಲ್ಲಿ ಗಾಳಿ ಹೊರಗೆ ಹೋಗುವುದಿಲ್ಲ, ನಮ್ಮ ರಸ್ತೆಯ ಕೆಮ್ಮಣ್ಣಿನ ಧೂಳು ಒಳಗೆ ಬರುತ್ತದೆ. ರೆಕ್ಕೆ ಸವೆಯುತ್ತದೆ, ಪಿಸ್ಟನ್ ಸವೆಯುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಲಾರಿ ಇಟ್ಟವರು ಕರೀ ಹೊಗೆಗೂ ಕಾಯಬೇಡಿ. ಮಸಿಯೆಲ್ಲಾ ಹೊಗೆಕೊಳವೆಯ ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ. ಎಳೆತ ಕಮ್ಮಿಯಾಗಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದರೆ ಹೋಸುಗಳನ್ನೂ ನೋಡಿಸಿ.

ಹೋಸು, ಕ್ಲಾಂಪು, ಕೂಲಿ ಎಲ್ಲಾ ಸೇರಿ ಕಂತಿನ ಒಂದು ಮೂಲೆಗೂ ಬರಲಿಲ್ಲ. ಮೂರನೇ ದಿನ ಮತ್ತೆ ಲೋಡು ಹಾಕಿದೆವು. ಅದೇ ಏರು, ಮೂರನೇ ಗೇರು. ಕ್ಲೀನರ್ ಹುಡುಗ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿ, ‘ಹೊಗೆ ಇಲ್ಲಣ್ಣೋ’ ಎಂದು ಕೂಗಿದ. ಹರಾಜಿಗೆ ಮುಂಚೆಯೇ ಕೋಲಾರದಲ್ಲಿದ್ದೆವು. ರೇಟೇನೋ ಅವತ್ತೂ ಅಷ್ಟಕ್ಕಷ್ಟೇ.