ನಡುವಿನ ಗೋಡೆಯ ಆಯುಷ್ಯ

ಕಳೆದ ಬೇಸಿಗೆಯಲ್ಲಿ ದಾಂಡೇಲಿಯ ನೆಂಟರೊಬ್ಬರ ಸೈಟಿನಲ್ಲಿ ಸುಣ್ಣದ ಗೆರೆ ಹಾಕುತ್ತಿದ್ದರು. 30×40ರ ಸೈಟು. ಹಾಲ್‌ಗೂ ಅಡುಗೆಮನೆಗೂ ನಡುವೆ ಗೆರೆಯೇ ಬೀಳಲಿಲ್ಲ. ಹಳಿಯಾಳದ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ ಸೊಸೆಯನ್ನು ಕೇಳಿದರು: "ನಡುವಿನ ಗ್ವಾಡಿ ಎಲ್ಲೈತವಾ?"

"ಇಲ್ರೀ ಅತ್ತಿ, ಈಗ ಓಪನ್ ಕಿಚನ್ ಅಂತಾರ."

ಅಜ್ಜಿ ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿದರು. "ಹಂಗಾರ ನಮ್ಮವ್ವನ ಮನಿ ಇದ್ದಂಗ ಆತು ಬಿಡು."

ಅಜ್ಜಿ ತಮಾಷೆ ಮಾಡಿರಲಿಲ್ಲ. ಹಳಿಯಾಳ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದರೂ ಅದರ ಹಳ್ಳಿಮನೆ ಧಾರವಾಡ ಸೀಮೆಯದು. ತಲಬಾಗಿಲು ದಾಟಿದರೆ ಮೊದಲು ದನ, ಅವುಗಳ ಮುಂದೆ ಗ್ವಾದಲಿ, ಅಲ್ಲಿಂದ ಎರಡು-ಮೂರು ಅಡಿ ಮೇಲೆ ಪಡಸಾಲಿ, ಹಿಂದೆ ಒಲೆ. ಸ್ಥಿತಿವಂತರ ಮನೆಗಳಲ್ಲಿ ಅಡುಗೆಗೆ ಬೇರೆಯೇ ಕೋಣೆ ಇತ್ತು, ಮಡಿ ಇದ್ದಲ್ಲಿ ಅದಕ್ಕೆ ಬಾಗಿಲೂ ಇತ್ತು. ಸಣ್ಣ ರೈತರ ಮನೆಯಲ್ಲಿ ಒಂದು ಮೋಟುಗೋಡೆ, ಅಥವಾ ಅದೂ ಇಲ್ಲ. ದನವೆಲ್ಲಿ, ಜನವೆಲ್ಲಿ ಎಂಬುದನ್ನು ನೆಲದ ಎತ್ತರವೇ ಹೇಳುತ್ತಿತ್ತು. ಇಂದು ಹಾಲಿನಿಂದ ಒಂದು ಮೆಟ್ಟಿಲು ಏರಿಸಿ ಅಡುಗೆಕಟ್ಟೆ ಕೂರಿಸುವ ವಿನ್ಯಾಸಕಾರರು ಮಾಡುವುದೂ ಅದನ್ನೇ, ದನ ಮಾತ್ರ ಇಲ್ಲ.

ಇನ್ನೂ ಬಯಲಾದ ಮನೆ ಬೇಕೆಂದರೆ ಹಳಿಯಾಳ, ಮುಂಡಗೋಡ, ಜೋಯಿಡಾದ ಕಾಡಂಚಿನ ಗೌಳಿವಾಡಗಳಿಗೆ ಹೋಗಬೇಕು. ಎಮ್ಮೆ ಕಟ್ಟಿಕೊಂಡು ಮಹಾರಾಷ್ಟ್ರದ ಕಡೆಯಿಂದ ಇಳಿದು ಬಂದ ದನಗರ ಗೌಳಿಗರ ಹಳೆಯ ಗುಡಿಸಲಲ್ಲಿ ಒಂದೇ ಸೂರಿನಡಿ ಒಂದು ಬದಿ ಎಮ್ಮೆ-ಕರು, ಇನ್ನೊಂದು ಬದಿ ಒಲೆ, ಹಾಸಿಗೆ, ಹಾಲಿನ ಪಾತ್ರೆ. ಹುಲ್ಲಿನ ಮಾಡಿಗೆ ಹೊಗೆ ಬೇಕೇ ಬೇಕು; ಹೊಗೆ ತಾಗದ ಹುಲ್ಲನ್ನು ಹುಳು ಬೇಗ ತಿನ್ನುತ್ತದೆ. ಜೋಯಿಡಾ ಘಟ್ಟದ ತಾಲ್ಲೂಕು, ಕ್ಯಾಸಲ್‌ರಾಕ್ ಕಡೆ ವರ್ಷದ ಮಳೆ 5,000 ಮಿಲಿಮೀಟರ್ ದಾಟುತ್ತದೆ. ಅಂಥಲ್ಲಿ ಬೀಜದ ತೆನೆ, ಕಟ್ಟಿಗೆ, ಕಂಬಳಿ ಎಲ್ಲವೂ ಒಲೆಯ ಮೇಲಿನ ಅಟ್ಟದಲ್ಲೇ ಒಣಗಬೇಕು. ಒಲೆಯನ್ನು ಬೇರೆ ಕೋಣೆಗೆ ತಳ್ಳಿದರೆ ಮನೆಯ ಉಳಿದರ್ಧ ಮಳೆಗಾಲವಿಡೀ ತೇವ. ಹೊಗೆಯೊಂದಿಗೆ ಬದುಕುವುದು ಇಲ್ಲಿ ಲೆಕ್ಕಾಚಾರವಾಗಿತ್ತು. ಆ ಲೆಕ್ಕದ ಸಾಲವನ್ನು ತೀರಿಸಿದ್ದು ಹೆಂಗಸರ ಕಣ್ಣು, ಶ್ವಾಸಕೋಶ ಎಂಬುದನ್ನು ಮರೆತು ಹಳೆಯ ಮನೆಯನ್ನು ಹೊಗಳುವುದು ಸರಿಯಲ್ಲ.

ಮುಂಡಗೋಡದ್ದು ಬೇರೆ ಕತೆ. 1966ರಲ್ಲಿ ಇಲ್ಲಿ ನೆಲೆಯೂರಿದ ಟಿಬೆಟನ್ನರ ತಾಯ್ನಾಡಿನ ಮನೆಯಲ್ಲಿ ಅಡುಗೆಮನೆಯೇ ಕೂರುವ ಕೋಣೆ. ಚಳಿಗೆ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ, ಬೆಣ್ಣೆ ಚಹಾದ ಮಾತುಕತೆಯೂ ಒಲೆಯ ಪಕ್ಕವೇ. ಮುಂಡಗೋಡದ ಏಪ್ರಿಲ್ ಬಿಸಿಲಿನಲ್ಲಿ ಆ ಕಾರಣಕ್ಕೆ ಅರ್ಥವೇ ಇಲ್ಲ.

ಹಾಗಾದರೆ ನಡುವಿನ ಗೋಡೆ ಎದ್ದದ್ದು ಯಾವಾಗ? ನನ್ನ ಪ್ರಕಾರ ಅದನ್ನು ಎಬ್ಬಿಸಿದ್ದು ಮಾಡು. ಹುಲ್ಲು, ನಾಡಹೆಂಚಿನ ಸಂದಿಯಲ್ಲಿ ಹೊಗೆ ತಾನಾಗಿ ಹೊರಟುಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಂಚು ಬಂದಮೇಲೂ ಅಷ್ಟಿಷ್ಟು ಸಂದು ಉಳಿದಿತ್ತು. ಸ್ಲ್ಯಾಬ್ ಬಂತು ನೋಡಿ, ಹೊಗೆ ಸಿಕ್ಕಿಬಿತ್ತು. 1955ರಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದಮೇಲೆ ಊರು ಬೆಳೆದದ್ದು ಅಳತೆಯ ಕೋಣೆಗಳಲ್ಲಿ. ಸೂಪಾ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಸೂಪಾ ಮುಳುಗಿ ಜನ ರಾಮನಗರಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದೂ ಅಳೆದ ಜಾಗವೇ. ಹಿತ್ತಲು ಸಣ್ಣದಾಯಿತು, ಕೊಟ್ಟಿಗೆ ಹೋಯಿತು, ಹೊಗೆಯನ್ನು ಕೂಡಿಹಾಕಲು ಒಂದು ಕೋಣೆ ಬೇಕಾಯಿತು.

ಆ ಹೊಗೆಗೆ ಮದ್ದು ಹುಡುಕಿದವರೂ ನಮ್ಮವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಅಸ್ತ್ರ ಒಲೆ ಹೊರಬಂತು. ಕೊಳವೆ ಹೊರಹೋಗಬೇಕಾದ್ದರಿಂದ ಇಂಥ ಒಲೆ ಗೋಡೆಗೆ ಅಂಟಿಕೊಳ್ಳಬೇಕು. ಅದರ ಹಿಂದೆಯೇ ಗ್ಯಾಸೂ ಗ್ರಾನೈಟ್ ಕಟ್ಟೆಯೂ ಬಂದವು. ಕೂತು ಬೇಯಿಸುತ್ತಿದ್ದವರು ನಿಂತರು. ನಿಂತ ಕ್ಷಣದಿಂದ ಅವರ ಮುಖ ಗೋಡೆಗೆ, ಬೆನ್ನು ಮನೆಗೆ. ಹೊಗೆ ಹೋಯಿತು, ಗೋಡೆ ಮಾತ್ರ ಉಳಿಯಿತು.

ಯುರೋಪಿನಲ್ಲೂ ಹೀಗೇ ಆಗಿತ್ತು. 1926ರಲ್ಲಿ ಮಾರ್ಗರೆಟ್ ಶುಟೆ-ಲಿಹೊಟ್ಸ್‌ಕಿ ಫ್ರಾಂಕ್‌ಫರ್ಟಿನ ಕಾರ್ಮಿಕರ ವಸತಿಗೆ 1.9×3.4 ಮೀಟರಿನ ಅಡುಗೆಮನೆ ರೂಪಿಸಿದರು. ಕೈಗೆಲ್ಲ ಎಟಕುವಂತಿತ್ತು, ಆದರೆ ಒಬ್ಬಳೇ ನಿಲ್ಲುವ ಜಾಗ. ಅಮೆರಿಕದ ಮ್ಯಾಡಿಸನ್‌ನಲ್ಲಿ 1937ರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಜೇಕಬ್ಸ್ ಮನೆಯಲ್ಲಿ ಅಡುಗೆಯ ಜಾಗ ಮತ್ತೆ ಊಟದ ಮೇಜಿನತ್ತ ತೆರೆದುಕೊಂಡಿತು.

ಈಗ ದಾಂಡೇಲಿಯ ಸೈಟಿಗೆ ಬರೋಣ. ಗೋಡೆ ತೆಗೆಯಲು ಸಾಧ್ಯವಾದದ್ದು ಕಂಬ-ಬೀಮಿನ ಚೌಕಟ್ಟಿನಿಂದ. ಭಾರವನ್ನು ಅವು ಹೊರುವುದರಿಂದ ಗೋಡೆ ಬರೀ ಪರದೆ. ಹಳೆಯ ಮನೆಯಲ್ಲಿ ನಡುಗೋಡೆಯ ಮೇಲೆ ತೊಲೆ ಕೂತಿರುತ್ತದೆ; ಪಕ್ಕದ ಮನೆಯವರು ಒಡೆದರೆಂದು ನೀವೂ ಸುತ್ತಿಗೆ ಎತ್ತಿದರೆ ಮಾಡೇ ಕೆಳಗೆ ಬಂದೀತು. ಒಲೆ, ಸಿಂಕ್, ಫ್ರಿಜ್ಜುಗಳ ತ್ರಿಕೋನದ ಮೂರು ಬದಿ ಸೇರಿ 13ರಿಂದ 26 ಅಡಿ ಇರಲಿ ಎಂಬುದು 1940ರ ದಶಕದಿಂದ ಬಂದ ಅಮೆರಿಕದ ಸೂತ್ರ. ಆ ತ್ರಿಕೋನದೊಳಗೆ ಹಾಲಿನಿಂದ ಬಚ್ಚಲಿಗೆ ಹೋಗುವ ದಾರಿ ಹಾಯಬಾರದು ಎಂಬುದನ್ನು ಮಾತ್ರ ನಾನು ಬಲವಾಗಿ ಹಿಡಿಯುತ್ತೇನೆ. ಬಿಸಿ ಎಣ್ಣೆಯ ಬಾಣಲೆಯ ಹಿಂದೆ ಮಕ್ಕಳು ಓಡಬಾರದು. ಒಲೆ ಆಗ್ನೇಯಕ್ಕಿರಲಿ ಎಂದು ವಾಸ್ತುವಿನವರು ಹೇಳೇ ಹೇಳುತ್ತಾರೆ. ಹೇಳಲಿ, ಹಾಲ್ ಅದರ ಪಶ್ಚಿಮಕ್ಕಿದ್ದರೆ ಸಾಕು. ನಮ್ಮ ಮಳೆಗಾಲದ ಗಾಳಿ ನೈಋತ್ಯದ್ದು, ಹಾಲ್ ಹಾಯ್ದು ಬಂದು ಒಗ್ಗರಣೆಯ ಘಾಟನ್ನು ಪೂರ್ವದ ಕಿಟಕಿಯಿಂದ ಹೊರಗೊಯ್ಯುತ್ತದೆ. ಹಾಲ್ ಉತ್ತರಕ್ಕಿದ್ದರೆ ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಟಿವಿ ಮುಂದಿನವರೆಲ್ಲ ಕೆಮ್ಮಬೇಕು. ಚಿಮಣಿಯ ಕೊಳವೆ ಹೊರಗೋಡೆ ದಾಟಲೇಬೇಕು. ಜರಡಿಯಲ್ಲಿ ಸೋಸಿ ಒಳಗೇ ಬಿಡುವ ಬಗೆ ನಮ್ಮ ಅಡುಗೆಗೆ ಆಗದು.

ನೆಂಟರ ಮನೆಯಲ್ಲಿ ಕಟ್ಟೆಯನ್ನು ಹಾಲಿನ ಕಡೆಗೆ ತಿರುಗಿಸಿದ್ದಾರೆ, ಅಡುಗೆ ಮಾಡುವವರಿಗೆ ಮನೆ ಕಾಣುತ್ತದೆ. ಅಜ್ಜಿ ಆಕ್ಷೇಪಿಸಿದ್ದು ಒಂದಕ್ಕೇ. "ರೊಟ್ಟಿ ಎಲ್ಲಿ ಸುಡೂದು?" ಗ್ಯಾಸಿನ ಮೇಲಿನ ರೊಟ್ಟಿ ಅವರ ಲೆಕ್ಕಕ್ಕಿಲ್ಲ. ಹಾಗಾಗಿ ಹಿತ್ತಲಲ್ಲಿ ಬಚ್ಚಲ ಹಂಡೆಯ ಪಕ್ಕ ತಗಡಿನ ಮಾಡೊಂದು ಎದ್ದಿದೆ, ಅದರಡಿ ಮಣ್ಣಿನ ಒಲೆ. ಅದಕ್ಕೆ ಮೂರು ಕಡೆ ಗೋಡೆಯಿಲ್ಲ. ಮನೆ ನೋಡಲು ಬಂದವರಲ್ಲಿ ಅರ್ಧ ಜನ ಅಲ್ಲೇ ಕೂತಿದ್ದರು.