ಶ್ರೀರಂಗಪಟ್ಟಣ: ಮದ್ದಿನಮನೆಯಿಂದ ಪಾಲಹಳ್ಳಿಯವರೆಗೆ

ದೇವಲಾಪುರ, ನಾಗಮಂಗಲದ ಕಡೆಯವರು ಶ್ರೀರಂಗಪಟ್ಟಣಕ್ಕೆ ಹೋದರೆ ಸಂಗಮದಲ್ಲಿ ಸ್ನಾನ, ರಂಗನಾಥನ ದರ್ಶನ, ನಿಮಿಷಾಂಬೆಗೆ ಪೂಜೆ ಮುಗಿಸಿ ಬಸ್ಸು ಹತ್ತುವುದು ರೂಢಿ. ಆದರೆ ಇದು ಕಸುಬುದಾರರ ಊರೂ ಆಗಿತ್ತು. ಅದನ್ನು ನೋಡಲು ಇನ್ನರ್ಧ ದಿನ ಇಟ್ಟುಕೊಳ್ಳಿ.

ರೈಲು ನಿಲ್ದಾಣದ ಬಳಿಯ ಮದ್ದಿನಮನೆಯಿಂದ ಶುರು ಮಾಡಿ. ಟಿಪ್ಪು ಕಾಲದಲ್ಲಿ ಇಂಥವನ್ನು ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ದಪ್ಪನೆಯ ಇಟ್ಟಿಗೆ–ಗಾರೆ ಗೋಡೆ ಎಬ್ಬಿಸಿ ಕಟ್ಟುತ್ತಿದ್ದರು. ಒಳಗೆ ತಂಪಿರಬೇಕು, ಮದ್ದು ಸಿಡಿದರೂ ಹೊಡೆತ ಊರಿಗೆ ತಾಗಬಾರದು. ಜೋಡಿ ಹಳಿ ಹಾಕುವಾಗ ಇದು ಅಡ್ಡ ಬಂತು, ಕೆಡವಲಿಲ್ಲ. 2017ರಲ್ಲಿ ಬುಡ ಬಿಡಿಸಿ, ಅಡಿಗೆ ಉಕ್ಕಿನ ತೊಲೆ ಕೊಟ್ಟು, ಹೈಡ್ರಾಲಿಕ್ ಜಾಕುಗಳಿಂದ ಎತ್ತಿ, ಸುಮಾರು 1000 ಟನ್ ತೂಕದ ಕಟ್ಟಡವನ್ನು ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿದರು. ಮಕ್ಕಳನ್ನು ಕರೆದೊಯ್ದು ತೋರಿಸಲೇಬೇಕಾದ ಕೆಲಸ ಇದು.

ಮದ್ದಿನ ಮಾತು ಬಂದರೆ ರಾಕೆಟ್ಟಿನದೂ ಬರಬೇಕು. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬುತ್ತಿದ್ದರು. ಕೊಳವೆ ಗಟ್ಟಿಯಾದಷ್ಟೂ ಒಳಗಿನ ಒತ್ತಡ ತಾಳುತ್ತದೆ, ರಾಕೆಟ್ಟು ದೂರ ಹೋಗುತ್ತದೆ. 1799ರಲ್ಲಿ ಟಿಪ್ಪು ಮಡಿದ ನಂತರ ಇಂಗ್ಲೆಂಡಿಗೆ ಹೋದ ಮಾದರಿಗಳ ಆಧಾರದ ಮೇಲೆಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ರೂಪಿಸಿದ.

ಆಮೇಲೆ ಊರನ್ನು ದ್ವೀಪವಾಗಿಸಿದ ಕಾವೇರಿಯ ಉತ್ತರದ ಕವಲಿಗೆ ನಡೆಯಿರಿ. ದಿವಾನ್ ಪೂರ್ಣಯ್ಯ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆ ಅಲ್ಲಿದೆ. ಕಲ್ಲುಕಂಬ, ಮೇಲೆ ಕಲ್ಲಿನ ತೊಲೆ. ಅದಕ್ಕಿಂತ ಹಳೆಯದು ಬಂಗಾರದೊಡ್ಡಿ ನಾಲೆ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ನದಿಯ ನೀರನ್ನು ನದಿಯ ಮೇಲೆಯೇ ದಾಟಿಸಿ ದ್ವೀಪಕ್ಕೆ ತಂದರು. ಪಂಪಿಲ್ಲ, ಇಳಿಜಾರೊಂದೇ ಬಲ.

ದ್ವೀಪದ ಪೂರ್ವಕ್ಕೆ ಗಂಜಾಂ. ಕಸುಬು ಬೆಳೆಯಲೆಂದು ಟಿಪ್ಪು ಸಿರಾದಿಂದ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಪೇಟೆ.

ಕೊನೆಗೆ ಪಾಲಹಳ್ಳಿ. 1847ರಲ್ಲಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರು ಕಾಯಿಸಿದ ಬೆಲ್ಲವನ್ನು ಕೊಂಡು, ಸಂಸ್ಕರಿಸಿ ಸಕ್ಕರೆ ಮಾಡುತ್ತಿದ್ದರು. 1851ರ ಲಂಡನ್ ಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನ ಬಂತು. ಮಂಡ್ಯದ ಮೈಷುಗರ್ ಹುಟ್ಟಿದ್ದು 1933ರಲ್ಲಿ. ಅದಕ್ಕೂ ಎಂಟು ದಶಕ ಮೊದಲೇ ನಮ್ಮ ಕಬ್ಬು ಈ ಹೆಸರು ಗಳಿಸಿತ್ತು.

ಮಳೆಗಾಲದಲ್ಲಿ ಹೊರಡುವ ಮುಂಚೆ ಕೆಆರ್‌ಎಸ್‌ನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಕೇಳಿಕೊಳ್ಳಿ. ಹೊರಹರಿವು ಜಾಸ್ತಿಯಿದ್ದರೆ ಹಳೆ ಸೇತುವೆಯ ಮೇಲೆ ಬಿಡುವುದಿಲ್ಲ, ಸ್ನಾನಘಟ್ಟಕ್ಕೂ ಇಳಿಸುವುದಿಲ್ಲ.